ತಂಗಡಿ ತೊಗಟೆ, ಮಾತಂಗನ ಕಾಡು

ಕೊಪ್ಪಳದಲ್ಲಿ ಒಂದು ಕವಿಗೋಷ್ಠಿ ಮುಗಿದ ಮೇಲೆ, ಚಹಾ ಕುಡಿಯುವ ಹೊತ್ತಿನಲ್ಲಿ, ಹಿರಿಯ ಕವಿಯೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು ಕೇಳಿದರು: 'ಅಲ್ರಿ ಮಾಸ್ತರ, ನಿಮ್ಮ ದಲಿತ ಸಾಹಿತ್ಯದಾಗ ಗಿಡಮರ ಯಾಕ ಇಲ್ಲ? ಬರೇ ಹಸಿವು, ಸಿಟ್ಟು, ಅವಮಾನ. ಒಂದು ಹಕ್ಕಿ ಇಲ್ಲ, ಒಂದು ಹೂವಿಲ್ಲ.' ಅವರು ಕೆಟ್ಟ ಮನುಷ್ಯರಲ್ಲ. ನನ್ನ ಬರಹವನ್ನು ಓದಿ ಕಾಗದ ಬರೆದ ಕೆಲವೇ ಜನರಲ್ಲಿ ಅವರೂ ಒಬ್ಬರು. ಅವತ್ತು ಅವರು ಓದಿದ ಪದ್ಯ ಕಾಡಿನ ಮೇಲೇ ಇತ್ತು. ಅದರಲ್ಲಿ ಮರಗಳು ಒಂದರ ನೋವನ್ನು ಇನ್ನೊಂದು ಕೇಳಿಸಿಕೊಳ್ಳುತ್ತಿದ್ದವು, ಬೇರುಗಳು ನೆಲದೊಳಗೆ ಕೈ ಕೈ ಹಿಡಿದುಕೊಂಡಿದ್ದವು. ಚಪ್ಪಾಳೆ ಬಿತ್ತು, ನಾನೂ ತಟ್ಟಿದೆ. ಆದರೆ ಅವರ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. 'ನೋಡೂನ್ರಿ ಸರ' ಅಂದು ಬಸ್ ಹಿಡಿದು ಬಂದೆ. ದಲಿತ ವಿಮರ್ಶೆಯ ವಿಶೇಷ ಸಂಚಿಕೆಗೆ ಬರೆಯಿರಿ ಅಂತ ಪತ್ರಿಕೆಯ ಗೆಳೆಯರು ಕೇಳಿದಾಗ ಮೊದಲು ನೆನಪಾದದ್ದು ಆ ಪ್ರಶ್ನೆಯೇ.

ಕಾಡು ಅಂದರೆ ಏನು ಎಂಬುದರಿಂದ ಶುರು ಮಾಡಬೇಕು. ಕನ್ನಡ ಸಾಹಿತ್ಯದಲ್ಲಿ ಕಾಡು ಅಂದಕೂಡಲೇ ಕಣ್ಮುಂದೆ ಬರುವುದು ಮಲೆನಾಡು. ಕುವೆಂಪು ಅವರ ಕಾಡು, ತೇಜಸ್ವಿಯವರ ಕಾಡು. ಹಸಿರು, ಮಳೆ, ಜಿಗಣೆ, ಕಣಿವೆ. ಆ ಕಾಡಿನ ದೊಡ್ಡತನದ ಬಗ್ಗೆ ನನ್ನ ತಕರಾರಿಲ್ಲ. 1967ರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಗೊತ್ತು, ಅಲ್ಲಿ ಕಾಡಿನೊಳಗೆ ನಮ್ಮನ್ನು ಮೊದಲು ಕರೆದುಕೊಂಡು ಹೋಗುವವನು ಗೌಡನಲ್ಲ, ಹೆಗ್ಗಡೆಯಲ್ಲ, ಹೊಲೆಯರ ಗುತ್ತಿ. ಅವನ ಹಿಂದೆ ಅವನ ನಾಯಿ ಹುಲಿಯ. ಆ ನಾಯಿ ತುಂಗೆಯ ಪ್ರವಾಹದಲ್ಲಿ ಕೊಚ್ಚಿಹೋಗುವಾಗ ಗುತ್ತಿ ಪಡುವ ಸಂಕಟವನ್ನು ಯಾವ ಪರಿಸರವಾದಿಯ ಭಾಷಣವೂ ಮುಟ್ಟಲಾರದು. ಆದರೂ ಒಂದು ಮಾತು ಹೇಳಬೇಕು. ಗುತ್ತಿ ಕಾಡು ನೋಡಲು ಹೊರಟವನಲ್ಲ. ಅವನು ಒಡೆಯನ ಕೆಲಸಕ್ಕೆ ಹೊರಟವನು, ಆಮೇಲೆ ತಿಮ್ಮಿಯ ಕೈಹಿಡಿದು ಓಡಿದವನು. ಅವನಿಗೆ ಕಾಡು ಹಾದಿ, ಮರೆ, ಅಂಜಿಕೆ. ನಮ್ಮ ವಿಮರ್ಶೆ ಆ ಕಾದಂಬರಿಯ ಕಾಡಿನ ಬಗ್ಗೆ ಪುಟಗಟ್ಟಲೆ ಬರೆದಿದೆ. ಆ ಕಾಡು ಗುತ್ತಿಯ ಕಾಲಿಗೆ ಹೇಗಿತ್ತು ಅಂತ ಕೇಳಿದ್ದು ಕಡಿಮೆ.

ನಮ್ಮ ಕಡೆಯ ಕಾಡೇ ಬೇರೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಈ ಜಿಲ್ಲೆಯಲ್ಲಿ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ, ಹೊರಗಿನವರು 'ಇದ್ಯಾವ ಕಾಡ್ರಿ' ಅನ್ನುವಂಥದ್ದೇ ಕಾಡು. ಬಂಡೆಗುಡ್ಡ, ಕುರುಚಲು, ಬಾರಿ ಕಂಟಿ, ಜಾಲಿ, ತಂಗಡಿ, ಕಳ್ಳಿ, ಅಲ್ಲಲ್ಲಿ ಬೇವು. ನಮ್ಮ ಮಾತಿನಲ್ಲಿ ಇದಕ್ಕೆ ಕಾಡು ಅನ್ನುವುದೂ ಇಲ್ಲ, 'ಅಡವಿ' ಅಂತೀವಿ. ಅಡವಿ ಅಂದರೆ ಬರೀ ಗಿಡಗಂಟಿ ಅಲ್ಲ, ಊರು ದಾಟಿದ ಮೇಲಿನದೆಲ್ಲ ಅಡವಿ. ಹೊಲಕ್ಕೆ ಹೋದವನೂ 'ಅಡವಿಗೆ ಹೋಗ್ಯಾನ' ಅನ್ನಿಸಿಕೊಳ್ಳುತ್ತಾನೆ. ಊರಿಗೂ ಅಡವಿಗೂ ನಡುವೆ ಇರುವುದು ನಮ್ಮ ಕೇರಿ. ಊರಿನವರ ಲೆಕ್ಕದಲ್ಲಿ ನಾವು ಅರ್ಧ ಅಡವಿಯವರೇ.

ಈ ಮಾತು ಬಹಳ ಹಳೆಯದು. ಸಂಸ್ಕೃತ, ಪ್ರಾಕೃತಗಳಲ್ಲಿ 'ಅಟವಿ'. ಅಶೋಕ ತನ್ನ ಹದಿಮೂರನೆಯ ಬಂಡೆಶಾಸನದಲ್ಲಿ ಕಳಿಂಗ ಯುದ್ಧಕ್ಕೆ ಪಶ್ಚಾತ್ತಾಪಪಡುತ್ತಲೇ, ತನ್ನ ರಾಜ್ಯದ ಅಟವಿಯವರಿಗೆ, ಅಂದರೆ ಕಾಡಿನ ಜನಕ್ಕೆ, ತನಗಿನ್ನೂ ಶಿಕ್ಷಿಸುವ ಬಲವಿದೆ ಎಂದು ಎಚ್ಚರಿಸುತ್ತಾನೆ. ಅದೇ ದೊರೆ ತನ್ನ ಸ್ತಂಭಶಾಸನವೊಂದರಲ್ಲಿ ಸುಮ್ಮಸುಮ್ಮನೆ ಕಾಡು ಸುಡಬಾರದು, ಜೀವಗಳಿರುವ ಹೊಟ್ಟನ್ನು ಸುಡಬಾರದು ಅಂತಲೂ ಹೇಳಿಸಿದ. ಹೊಟ್ಟಿನೊಳಗಿನ ಹುಳದ ಜೀವಕ್ಕೆ ಮರುಗುವುದು, ಕಾಡಿನ ಮನುಷ್ಯನಿಗೆ ಬೆರಳು ತೋರಿಸುವುದು, ಎರಡೂ ಒಂದೇ ಬಾಯಿಂದ. ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ ಅವನ ಕಿರುಶಾಸನಗಳಿವೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಸಾಧಿಸಬಹುದು ಅನ್ನುವ ಅರ್ಥದ ಮಾತು ಅದರಲ್ಲಿದೆ. ಪಾಲ್ಕಿಗುಂಡು ಹತ್ತಿದಾಗಲೆಲ್ಲ ಆ ಎರಡು ಮಾತಿನ ನಡುವೆ ನಾನು ಎಲ್ಲಿದ್ದೇನೆ ಅಂತ ಯೋಚನೆ ಬರುತ್ತದೆ.

ಇನ್ನು ನನ್ನ ಅಜ್ಜನ ವಿಷಯ. ಅವನು ತೊಗಲು ಹದ ಮಾಡುವವನಾಗಿದ್ದ. ಊರಲ್ಲಿ ಸತ್ತ ದನ ನಮ್ಮ ಕೇರಿಗೆ ಬರುತ್ತಿತ್ತು. ಸುಣ್ಣದ ಬಾನಿಯಲ್ಲಿ ನೆನೆಸಿ, ಕೂದಲು ಹೆರೆದು, ಆಮೇಲೆ ತಂಗಡಿ ತೊಗಟೆಯ ನೀರು. ಕೆಲವು ತೊಗಲನ್ನು ಚೀಲದಂಗ ಹೊಲಿದು, ಒಳಗೆ ಜಜ್ಜಿದ ತೊಗಟೆ ತುಂಬಿ ನೀರು ಹೊಯ್ದು, ಗಿಡಕ್ಕೆ ತೂಗುಬಿಡುತ್ತಿದ್ದ. ಹನಿ ಹನಿಯಾಗಿ ಕೆಂಪುನೀರು ಇಳಿಯುತ್ತಿತ್ತು. ಆ ತೊಗಲಿನಿಂದ ಕಾಲ್ಮರಿ, ಮಿಣಿ, ಬಾರುಕೋಲು, ಹಲಗೆ, ಬಾವಿಯಿಂದ ನೀರೆತ್ತುವ ಕಪಲಿಯ ಚೀಲ. ಊರಿನ ತೋಟಕ್ಕೆ ನೀರು ಏರಿದ್ದು ನಮ್ಮಜ್ಜನ ತೊಗಲಿನಲ್ಲಿ. ಅದೇ ಬಾವಿಯ ನೀರು ಸೇದಿ ಕುಡಿಯುವ ಹಕ್ಕು ಅವನಿಗಿರಲಿಲ್ಲ.

ತಂಗಡಿ ತರಲು ಗುಡ್ಡಕ್ಕೆ ಹೋಗುವಾಗ ನನ್ನನ್ನು ಜತೆಗೆ ಕರೆದೊಯ್ಯುತ್ತಿದ್ದ. ಕುಡುಗೋಲು ಹಾಕುವ ಮೊದಲು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಯಾರೋ ಮನೆಯವರ ಹತ್ತಿರ ಕೇಳಿದ ಹಾಗೆ, 'ಬ್ಯಾಸರ ಮಾಡ್ಕೋಬ್ಯಾಡವ್ವ, ಹೊಟ್ಟಿಗೆ ಬಂದೀನಿ' ಅನ್ನುತ್ತಿದ್ದ. ಮಂತ್ರವಲ್ಲ, ಅರಿಷಿಣ ಕುಂಕುಮವಿಲ್ಲ. ಒಂದು ಗಿಡದಲ್ಲಿ ಎಲ್ಲ ಕೊಂಬೆ ಕಡಿಯುತ್ತಿರಲಿಲ್ಲ. ಬುಡ ಕೀಳುತ್ತಿರಲಿಲ್ಲ, ಕೊಯ್ದ ಬುಡದಿಂದ ಮತ್ತೆ ಚಿಗುರು ಬರಬೇಕು. ಹೋದ ಸಲ ಕಡಿದ ಗಿಡದ ಹತ್ತಿರ ಹೋಗಿ, 'ಇನ್ನಾ ಗಾಯ ಮಾಗಿಲ್ಲ' ಅಂದು ಮುಂದೆ ಹೋಗುತ್ತಿದ್ದ. ಹೊತ್ತು ಮುಳುಗಿದ ಮೇಲೆ ಎಲೆ ಕೂಡ ಮುಟ್ಟಗೊಡುತ್ತಿರಲಿಲ್ಲ. 'ಮಲಗ್ಯಾವ' ಅನ್ನುತ್ತಿದ್ದ, ಅಷ್ಟೆ. ಒಂದು ಸಲ ಸುಲಿದ ತೊಗಟೆ ತೋರಿಸಿ ಅಂದ: 'ನೋಡಪ, ಇದು ಗಿಡದ ತೊಗಲು. ಇದನ್ನ ಸುಲದು ದನದ ತೊಗಲಿಗೆ ಕೊಡ್ತೀವಿ. ದನದ ತೊಗಲು ಮನಷ್ಯಾರ ಕಾಲಿಗೆ ಹೊಕ್ಕೈತಿ. ಎಲ್ಲಾರ ತೊಗಲೂ ಒಂದ.' ತೊಗಲು, ತೊಗಟೆ ಎರಡೂ ಒಂದೇ ಬೇರಿನ ಮಾತುಗಳು ಅನ್ನೋದು ಭಾಷಾಶಾಸ್ತ್ರ ಓದುವಾಗ ನನಗೆ ಹೊಳೆದದ್ದು. ಅವನಿಗೆ ಅದು ಕೈಯಲ್ಲೇ ಗೊತ್ತಿತ್ತು.

ಈಗ ಹಿರಿಯ ಕವಿಗಳ ಪದ್ಯದ ಕಡೆಗೆ ಬರುತ್ತೇನೆ. ಅವರ ಕಾಡಿನ ಕಲ್ಪನೆ ಎಲ್ಲಿಂದ ಬಂತು ಅಂತ ಗುರುತಿಸುವುದು ಕಷ್ಟವಲ್ಲ. 1997ರಲ್ಲಿ ಸುಝಾನ್ ಸಿಮಾರ್ಡ್ ಎಂಬ ಕೆನಡಾದ ವಿಜ್ಞಾನಿ ಮತ್ತು ಅವರ ಜತೆಗಾರರು, ಬರ್ಚ್ ಮತ್ತು ಫರ್ ಮರಗಳ ನಡುವೆ ಇಂಗಾಲ ದಾಟುತ್ತದೆ, ಬೇರಿಗೆ ಅಂಟಿದ ಶಿಲೀಂಧ್ರದ ಎಳೆಗಳು ಅದಕ್ಕೆ ದಾರಿಯಾಗಬಹುದು ಅಂತ 'ನೇಚರ್' ಪತ್ರಿಕೆಯಲ್ಲಿ ಬರೆದರು. 2015ರಲ್ಲಿ ಜರ್ಮನಿಯ ಅರಣ್ಯಾಧಿಕಾರಿ ಪೀಟರ್ ವೋಲೆಬೆನ್ ಮರಗಳ ಗುಟ್ಟಿನ ಬದುಕಿನ ಮೇಲೆ ಬರೆದ ಪುಸ್ತಕ ಲೋಕವೆಲ್ಲ ಓದಿತು. ತಾಯಿಮರ ಸಸಿಗೆ ಉಣಿಸುತ್ತದೆ, ಕಾಡು ಒಂದು ಸಮುದಾಯ, ಅದಕ್ಕೆ ಅರಿವಿದೆ ಎಂಬ ಮಾತು ಈಗ ಎಲ್ಲ ಕಡೆ ಇದೆ. ಇದು ಪೂರ್ತಿ ಸಾಬೀತಾದ ವಿಷಯವೇನಲ್ಲ. ಸಸಿಗಳನ್ನು ದೊಡ್ಡ ಮರ ಸಾಕುತ್ತದೆ ಅನ್ನುವುದಕ್ಕೆ ಕಾಡಿನಲ್ಲಿ ಸಿಕ್ಕಿರುವ ಪುರಾವೆ ತೆಳುವಾದದ್ದು ಎಂದು 2023ರಲ್ಲಿ ಅದೇ ಕ್ಷೇತ್ರದ ಮೂವರು ವಿಜ್ಞಾನಿಗಳು ವಿಮರ್ಶೆ ಮಾಡಿದ್ದಾರೆ. ಅದು ಅವರವರ ಜಗಳ, ತೀರಲಿ. ನನ್ನ ಅಜ್ಜನಿಗೆ ಗಿಡಕ್ಕೆ ಗಾಯವಾಗುತ್ತದೆ ಅಂತ ನಂಬಲು ಇಂಗಾಲದ ಲೆಕ್ಕ ಬೇಕಿರಲಿಲ್ಲ.

ನನ್ನ ತೊಡಕು ಇರುವುದು 'ಸಮುದಾಯ' ಎಂಬ ಶಬ್ದದಲ್ಲಿ. ದೊಡ್ಡ ಮರ ಸಣ್ಣದಕ್ಕೆ ಉಣಿಸುತ್ತದೆ, ಪ್ರತಿಯೊಂದಕ್ಕೂ ಅದರದರ ಜಾಗವಿದೆ, ಎಲ್ಲವೂ ಸಾಮರಸ್ಯದಲ್ಲಿ ಬದುಕುತ್ತವೆ. ಈ ವಾಕ್ಯಗಳನ್ನು ನಾನು ಎಲ್ಲೋ ಕೇಳಿದ್ದೇನೆ. ನಮ್ಮೂರ ಗೌಡರ ಕಟ್ಟೆಯ ಮೇಲೆ ಕೇಳಿದ್ದೇನೆ. 'ನಾವು ನಿಮ್ಮನ್ನ ಸಾಕೀವಿ, ನೀವು ನಮ್ಮ ಕೈಕೂಸು ಇದ್ದಂಗ.' ಹಳ್ಳಿಯನ್ನು ಸ್ವಯಂಪೂರ್ಣ ಸಮುದಾಯವೆಂದು ಹೊಗಳಿದವರಿಗೆ ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕೊಟ್ಟ ಏಟು ಎಲ್ಲರಿಗೂ ನೆನಪಿರಬೇಕು. ಹಳ್ಳಿಯ ಮೇಲೆ ಈಗ ಆ ರಮ್ಯ ಕತೆಯನ್ನು ಹೇಳಲು ಆಗುವುದಿಲ್ಲ, ನಾವು ಕೂತು ಕೇಳುವುದಿಲ್ಲ. ಅದಕ್ಕೇ ಆ ಕತೆ ಊರು ಬಿಟ್ಟು ಕಾಡು ಸೇರಿಕೊಂಡಿದೆಯೋ ಏನೋ ಅಂತ ನನಗೆ ಗುಮಾನಿ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ಊರಿನ ಬೇರುಗಳೂ ನೆಲದೊಳಗೆ ಒಂದಕ್ಕೊಂದು ತಾಗಿಕೊಂಡೇ ಇದ್ದವು.

ಇನ್ನೊಂದು ಮಾತು. ಪ್ರಕೃತಿಯಲ್ಲಿ ಜೀವ ಕಾಣುವುದನ್ನು ಈ ದೇಶದ ಮೇಲ್ಜಾತಿಗಳು ಪಶ್ಚಿಮದಿಂದ ಕಲಿಯಬೇಕಿಲ್ಲ. ಅರಳಿ ಮರಕ್ಕೆ ಮುಂಜಿ ಮಾಡಿ ಬೇವಿನೊಂದಿಗೆ ಮದುವೆ ಮಾಡುವ ಜನ ಇವರು. ನಾಗರಕ್ಕೆ ಹಾಲು, ಗೋವಿಗೆ ಪೂಜೆ, ಮಂಗನಿಗೆ ಬಾಳೆಹಣ್ಣು. ಎಲ್ಲದರಲ್ಲೂ ಚೈತನ್ಯ ಕಂಡರು, ಕೇರಿಯ ಮನುಷ್ಯನ ಹತ್ತಿರ ಬಂದಾಗ ಮಾತ್ರ ಆ ಕಾಣ್ಕೆ ನಿಂತುಹೋಯಿತು. 1927ರಲ್ಲಿ ಮಹಾಡದ ಚವದಾರ ಕೆರೆಯಲ್ಲಿ ದನ ನಾಯಿ ನೀರು ಕುಡಿಯಬಹುದಿತ್ತು, ಅಸ್ಪೃಶ್ಯರು ಕುಡಿಯುವಂತಿರಲಿಲ್ಲ. ಅದು ಹಳೆಯ ಕಾಲದ್ದು ಅನ್ನುವವರು ಕುಷ್ಟಗಿ ತಾಲೂಕಿನ ಮಿಯಾಪುರ ನೆನೆಯಲಿ. 2021ರ ಸೆಪ್ಟೆಂಬರ್‌ನಲ್ಲಿ, ಮಳೆ ಬಂತೆಂದು ಎರಡು ವರ್ಷದ ದಲಿತ ಕೂಸು ಹನುಮಂತನ ಗುಡಿಯೊಳಗೆ ಓಡಿತು. ಗುಡಿ ಶುದ್ಧಿಗೆ ಅಂತ ಅದರ ಅಪ್ಪನಿಗೆ 25 ಸಾವಿರ ದಂಡ ಹೇಳಿದರು. ಮಂಗ ಒಳಗಿದ್ದಾನೆ, ದೇವರಾಗಿ ಇದ್ದಾನೆ. ಕೂಸು ಹೊರಗೆ. ಹೀಗಿರುವಾಗ 'ಕಾಡಿಗೆ ಪ್ರಾಣವಿದೆ' ಎಂಬ ಮಾತು ನಮಗೆ ಅಷ್ಟು ಸುಲಭಕ್ಕೆ ಕಣ್ಣೀರು ತರಿಸುವುದಿಲ್ಲ. ಮುಕುಲ್ ಶರ್ಮಾ 2017ರಲ್ಲಿ ಜಾತಿ ಮತ್ತು ಪ್ರಕೃತಿಯ ಮೇಲೆ ಒಂದು ಇಡೀ ಪುಸ್ತಕ ಬರೆದು, ಈ ದೇಶದ ಪರಿಸರ ಚಿಂತನೆಯಲ್ಲಿ ದಲಿತರು ಕಾಣದಂತಾದ ಬಗೆಯನ್ನು ತೋರಿಸಿದ್ದಾರೆ. ಅಂಥ ಕೆಲಸ ಕನ್ನಡದಲ್ಲಿ ನಮ್ಮ ಕೈಯಿಂದ ಆಗಬೇಕಿತ್ತು.

ಹಾಗಾದರೆ ನಮ್ಮ ಪಾಲಿನ ಪಠ್ಯ ಯಾವುದು? ನನಗೆ ಅದು ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲೇ, ಅದೂ ವಾಲ್ಮೀಕಿಯ ರಾಮಾಯಣದಲ್ಲಿ. ಆನೆಗೊಂದಿ ಕಡೆ ಹೋದವರು ಅಂಜನಾದ್ರಿಯ ಮೆಟ್ಟಿಲು ಹತ್ತುತ್ತಾರೆ, ಪಂಪಾಸರೋವರ ನೋಡುತ್ತಾರೆ, ಅಲ್ಲಿನ ಶಬರಿ ಗುಹೆಗೆ ಕೈಮುಗಿಯುತ್ತಾರೆ. ಈ ಬಂಡೆಗುಡ್ಡಗಳ ನಡುವಿನದೇ ಮಾತಂಗವನ ಎಂಬುದು ಇಲ್ಲಿನ ನಂಬಿಕೆ. ಹೊಳೆಯಾಚೆ ಹಂಪಿಯಲ್ಲಿ ಮಾತಂಗ ಪರ್ವತವೇ ಇದೆ. ವಾಲ್ಮೀಕಿ ಮಾತಂಗ ಮುನಿಯ ಜಾತಿ ಹೇಳುವುದಿಲ್ಲ. ಆದರೆ ಅಮರಕೋಶದಲ್ಲಿ ಚಂಡಾಲ ಎಂಬುದಕ್ಕೆ ಇರುವ ಹೆಸರುಗಳಲ್ಲಿ ಮಾತಂಗವೂ ಒಂದು. ಬೌದ್ಧರ ಜಾತಕದಲ್ಲಿ ಬೋಧಿಸತ್ವ ಮಾತಂಗನೆಂಬ ಚಂಡಾಲನಾಗಿ ಹುಟ್ಟುತ್ತಾನೆ. ಹೆಸರು ಸುಮ್ಮನೆ ಬರುವುದಿಲ್ಲ.

ಕಿಷ್ಕಿಂಧಾಕಾಂಡದ ಆ ಪ್ರಸಂಗವನ್ನು ಕೇರಿಯಲ್ಲಿ ನಿಂತು ಓದಿ ನೋಡಿ. ವಾಲಿ ದುಂದುಭಿ ಎಂಬ ಕೋಣರಕ್ಕಸನನ್ನು ಕೊಂದು ಅದರ ಹೆಣವನ್ನು ದೂರ ಬಿಸಾಡುತ್ತಾನೆ. ಅದರ ನೆತ್ತರ ಹನಿ ಮಾತಂಗನ ಆಶ್ರಮದ ಮೇಲೆ ಬೀಳುತ್ತದೆ, ಹೆಣ ಬಿದ್ದು ಮರಗಳು ಮುರಿಯುತ್ತವೆ. ಮಾತಂಗ ಸಿಟ್ಟಿಗೇಳುತ್ತಾನೆ. ಈ ವನವನ್ನು ನಾನು ಮಗನ ಹಾಗೆ ಕಾಪಾಡಿದ್ದೇನೆ, ಇಲ್ಲಿನ ಎಲೆ ಚಿಗುರು ಹಣ್ಣು ಗಡ್ಡೆ ಹಾಳು ಮಾಡುವವರು ಇಲ್ಲಿರಬಾರದು, ವಾಲಿ ಇಲ್ಲಿ ಕಾಲಿಟ್ಟರೆ ಸಾಯುತ್ತಾನೆ, ಅವನ ಜತೆಯವರು ಕಲ್ಲಾಗುತ್ತಾರೆ ಎಂಬುದು ಆ ಶಾಪದ ಸಾರ. ಸತ್ತ ಕೋಣವನ್ನು ಬಲಾಢ್ಯನೊಬ್ಬ ಯಾರ ಬಾಗಿಲಿಗೆ ಬಿಸಾಡುತ್ತಾನೆ? ಈ ಪ್ರಶ್ನೆಯನ್ನು ನಮ್ಮ ಪಂಡಿತರು ಕೇಳಲಿಲ್ಲ. ಕೇಳಬೇಕಾದ ಅಗತ್ಯ ಅವರಿಗೆ ಬಿದ್ದಿರಲಿಲ್ಲ. ನಮ್ಮ ಕೇರಿಯ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾತಂಗ ಹೆಣವನ್ನು ಎತ್ತುವುದಿಲ್ಲ, ಸುಲಿಯುವುದಿಲ್ಲ. ಶಪಿಸುತ್ತಾನೆ, ಅದೂ ಮುರಿದ ಮರಗಳ ಪರವಾಗಿ. ಕಾಡನ್ನು ತಾಯಿ ಅನ್ನದೆ ಮಗ ಅಂದದ್ದನ್ನೂ ಗಮನಿಸಬೇಕು. ತಾಯಿ ಅಂದರೆ ಅವಳು ಕೊಡುತ್ತಲೇ ಇರಬೇಕು, ನಾವು ಉಣ್ಣುತ್ತಲೇ ಇರಬೇಕು. ಮಗ ಅಂದರೆ ಸಾಕುವ ಜವಾಬ್ದಾರಿ ನಮ್ಮದು. ಆ ಶಾಪದಿಂದಾಗಿಯೇ ಋಷ್ಯಮೂಕದಲ್ಲಿ ಊರುಬಿಡಿಸಿಕೊಂಡ ಸುಗ್ರೀವನಿಗೆ ನೆಲೆ ಸಿಕ್ಕಿತು. ಮರದ ಸಲುವಾಗಿ ಎದ್ದ ಸಿಟ್ಟು ಓಡಿಬಂದವನಿಗೆ ಬೇಲಿಯಾಯಿತು.

ಶಬರಿಯ ಕತೆಯಲ್ಲಿ ಇದಕ್ಕಿಂತ ದೊಡ್ಡದೊಂದು ಅಡಗಿದೆ. ಶಬರಿ ಅಂದರೆ ನಮ್ಮ ಜನಕ್ಕೆ ನೆನಪಾಗುವುದು ಎಂಜಲು ಬಾರಿಹಣ್ಣು. ವಾಲ್ಮೀಕಿಯಲ್ಲಿ ಆ ಎಂಜಲು ಇಲ್ಲ, ಅದು ಆಮೇಲೆ ಸೇರಿದ ಕತೆ. ವಾಲ್ಮೀಕಿಯಲ್ಲಿ ಇರುವುದು ಬೇರೆ: ಮಾತಂಗವನದ ಹೂಗಳು ಬಾಡುವುದಿಲ್ಲ. ಯಾಕೆಂದರೆ ಮಾತಂಗನ ಶಿಷ್ಯರು ಗುರುವಿಗಾಗಿ ಕಾಡಿನ ಹಣ್ಣುಹಂಪಲು ಹೊತ್ತು ತರುವಾಗ, ಭಾರಕ್ಕೆ ಬಳಲಿ, ಅವರ ಮೈಯಿಂದ ನೆಲಕ್ಕೆ ಬಿದ್ದ ಬೆವರ ಹನಿಗಳೇ ಆ ಹೂಗಳಾದವು. ಹೊರೆ ಹೊತ್ತವರ ಬೆವರಿನಿಂದ ಹುಟ್ಟಿದ ಹೂ, ಅದಕ್ಕೆ ಸಾವಿಲ್ಲ. ಅದು ತಪಸ್ಸಿನ ಬಲ ಅಂತ ಕಾವ್ಯ ಹೇಳುತ್ತದೆ, ಇರಲಿ. ಬೆವರು ಬೆವರೇ. ಎಂಜಲಿನ ಕತೆಯನ್ನು ಭಕ್ತಿಯವರು ಯಾಕೆ ಅಷ್ಟು ಇಷ್ಟಪಟ್ಟು ಉಳಿಸಿಕೊಂಡರು, ಬೆವರಿನ ಕತೆಯನ್ನು ಯಾಕೆ ಮರೆತರು? ಎಂಜಲಿನ ಕತೆಯಲ್ಲಿ ಮೇಲಿನವನ ಔದಾರ್ಯ ಕಾಣುತ್ತದೆ, ಮೈಲಿಗೆಯನ್ನು ಅವನು ಕ್ಷಮಿಸಿದ ಅಂತ. ಬೆವರಿನ ಕತೆಯಲ್ಲಿ ಕ್ಷಮಿಸುವವನೇ ಇಲ್ಲ. ಹೊತ್ತವರಿದ್ದಾರೆ, ನೆಲ ಇದೆ, ಹೂವಿದೆ. ಹಿರಿಯ ಕವಿಗಳು ಕೇಳಿದ ಹೂವು ಇದೇ ಇರಬೇಕು.

ಆದರೆ ಮಾತಂಗನ ಹೆಸರಿನ ಇನ್ನೊಂದು ಕತೆ ಮಹಾಭಾರತದ ಅನುಶಾಸನಪರ್ವದಲ್ಲಿದೆ. ಇದನ್ನು ಮುಚ್ಚಿಟ್ಟು ಮೊದಲಿನದನ್ನಷ್ಟೇ ಹೇಳಿದರೆ ಮೋಸವಾಗುತ್ತದೆ. ಬ್ರಾಹ್ಮಣನ ಮಗನೆಂದೇ ಬೆಳೆದ ಮಾತಂಗ ಕತ್ತೆಗಾಡಿಯಲ್ಲಿ ಹೋಗುವಾಗ ಮರಿಕತ್ತೆಯ ಮೂಗಿಗೆ ತಿವಿಯುತ್ತಾನೆ. ತಾಯಿಕತ್ತೆ ಮಾತಾಡುತ್ತದೆ. ಏನಂತ? ಅಳಬೇಡ ಮಗೂ, ಗಾಡಿ ಹೊಡೆಯುವವನು ಚಂಡಾಲ, ಬ್ರಾಹ್ಮಣನಾಗಿದ್ದರೆ ಇಷ್ಟು ಕ್ರೂರಿಯಾಗುತ್ತಿರಲಿಲ್ಲ ಎಂಬ ಅರ್ಥದಲ್ಲಿ. ಹೀಗೆ ಅವನ ಹುಟ್ಟು ಬಯಲಾಗುತ್ತದೆ. ಆಮೇಲೆ ಎಷ್ಟು ತಪಸ್ಸು ಮಾಡಿದರೂ ಇಂದ್ರ ಅವನಿಗೆ ಬ್ರಾಹ್ಮಣ್ಯ ಕೊಡುವುದಿಲ್ಲ. ಮೂಕಪ್ರಾಣಿಗೆ ಮಾತು ಕೊಟ್ಟ ಕತೆ ಇದು, ಜೀವಲೋಕದ ನೋವಿಗೆ ಕಿವಿಯಾದ ಕತೆ. ಆದರೆ ಬಾಯಿ ಬಂದ ಕತ್ತೆ ಮೊದಲು ಹೇಳಿದ್ದೇ ಜಾತಿ! ನಿಸರ್ಗ ಮಾತಾಡುತ್ತದೆ ಅಂತ ಯಾರಾದರೂ ಬರೆದಾಗ ನಾನು ಕೇಳುವುದು ಇಷ್ಟೆ: ಅದು ಯಾರ ಮಾತನ್ನು ಆಡುತ್ತಿದೆ? ಒಬ್ಬ ಮಾತಂಗ ಮುರಿದ ಮರಕ್ಕೆ ಬಾಯಾದ, ಇನ್ನೊಬ್ಬ ಮಾತಂಗನ ವಿರುದ್ಧ ಕತ್ತೆಯನ್ನು ಸಾಕ್ಷಿ ನಿಲ್ಲಿಸಿದರು. ದಲಿತ ವಿಮರ್ಶೆ ಈ ಎರಡು ಕತೆಗಳನ್ನೂ ಜತೆಯಲ್ಲಿಟ್ಟುಕೊಂಡೇ ಕಾಡಿಗೆ ಹೋಗಬೇಕು.

ನಮ್ಮ ಬರಹದಲ್ಲಿ ಜಡವಸ್ತು ಮಾತಾಡಿಲ್ಲವೆ? ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ರಾತ್ರಿ ದೀಪದ ಜೋತಮ್ಮಗಳು ಕೂಡಿ ಮನೆಮನೆಯ ಸುದ್ದಿ ಆಡುತ್ತವೆ. ಆ ಕಾದಂಬರಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಇದನ್ನು ಮಾಂತ್ರಿಕ ವಾಸ್ತವವಾದ ಅಂತ ಕರೆದವರಿದ್ದರು. ನನಗೆ ನಗು ಬರುತ್ತದೆ. ನಮ್ಮ ಆಯಿ ದೀಪ ಆರಿಸುವಾಗ 'ಆರಸ್ತೀನಿ' ಅನ್ನುತ್ತಿರಲಿಲ್ಲ, 'ದೊಡ್ಡದು ಮಾಡ್ತೀನಿ' ಅನ್ನುತ್ತಿದ್ದಳು. ದೀಪಕ್ಕೆ ನೋವಾಗಬಾರದು ಅಂತ. ಆಕೆ ಲ್ಯಾಟಿನ್ ಅಮೆರಿಕದ ಕಾದಂಬರಿ ಓದಿರಲಿಲ್ಲ.

ಆದರೂ ಒಪ್ಪಿಕೊಳ್ಳಬೇಕು: ನಮ್ಮ ಕಾವ್ಯದಲ್ಲಿ, 1975ರ 'ಹೊಲೆಮಾದಿಗರ ಹಾಡು' ಬಂದಾಗಿನಿಂದ, ಗಿಡಮರ ಬಂದದ್ದು ಕಡಿಮೆ. ಅದಕ್ಕೆ ಕಾರಣವಿದೆ, ಅದನ್ನು ನಾನು ನನ್ನ ಮನೆಯಲ್ಲೇ ಕಂಡೆ. ನಾನು ಆರನೇ ಇಯತ್ತೆಯಲ್ಲಿದ್ದಾಗ ಅಪ್ಪ ಸಂಘಟನೆಯ ಸಭೆಗೆ ಹೋಗಿಬಂದ. ಸತ್ತ ದನ ಹೊರಬಾರದು, ಅದರ ಮಾಂಸ ತಿನ್ನಬಾರದು ಅಂತ ಬಾಬಾಸಾಹೇಬರು ಹೇಳಿದ್ದನ್ನು ಅಲ್ಲಿ ಕೇಳಿಸಿಕೊಂಡಿದ್ದ. ಮರುದಿನ ಹಾರಿ ತಗೊಂಡು ಅಜ್ಜನ ಬಾನಿ ಒಡೆದ. ಸುಣ್ಣದ ನೀರು, ತಂಗಡಿಯ ಕೆಂಪುನೀರು ಅಂಗಳದಲ್ಲೆಲ್ಲ ಹರಿಯಿತು. ಅಜ್ಜ ಗೋಡೆಗೊರಗಿ ಕೂತು ನೋಡಿದ, ಒಂದು ಮಾತೂ ಆಡಲಿಲ್ಲ. ಅಪ್ಪ ಮಾಡಿದ್ದು ಸರಿ. ಅದಿಲ್ಲದೆ ಹೋಗಿದ್ದರೆ ನಾನು ಇದನ್ನು ಬರೆಯುವ ಮಾತೇ ಇಲ್ಲ. ಆದರೆ ಅವತ್ತಿನಿಂದ ಅಜ್ಜ ಗುಡ್ಡಕ್ಕೆ ಹೋಗಲಿಲ್ಲ. ತಂಗಡಿ ಯಾವ ಇಳಿಜಾರಿನಲ್ಲಿ ದಪ್ಪ ತೊಗಟೆ ಬಿಡುತ್ತದೆ, ಯಾವ ಗಿಡದ ಗಾಯ ಎಷ್ಟು ದಿನಕ್ಕೆ ಮಾಗುತ್ತದೆ ಅನ್ನುವುದೆಲ್ಲ ಅವನ ಜತೆಗೇ ಹೋಯಿತು. ಗಿಡದೊಂದಿಗಿನ ನಮ್ಮ ಸಂಬಂಧ ಅವಮಾನದ ಕೆಲಸದ ಹೊಟ್ಟೆಯೊಳಗಿತ್ತು. ಕೆಲಸ ಬಿಸಾಡುವಾಗ ಸಂಬಂಧವೂ ಹೋಯಿತು. ಡಿ.ಆರ್. ನಾಗರಾಜ್ 1993ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ದಲಿತ ಚಳವಳಿ ತನ್ನದೇ ಸಾಂ‌ಸ್ಕೃತಿಕ ನೆನಪಿನಿಂದ ದೂರವಾಗುವ ಅಪಾಯದ ಬಗ್ಗೆ ಹೇಳಿದ್ದರು. ನಾನು ಅದನ್ನು ಓದುವಾಗ ಕಂಡದ್ದು ಆ ಅಂಗಳ. ಆದರೆ ನಾಗರಾಜರಿಗೂ ನನ್ನದೊಂದು ತಕರಾರಿದೆ. ಆ ನೆನಪನ್ನು ಮತ್ತೆ ಕರೆ ಅನ್ನುವುದು ಸುಲಭ. ಅದರ ನಾತವನ್ನು ಮೈಮೇಲೆ ಹೊತ್ತು ಶಾಲೆಯ ಕಡೆಯ ಸಾಲಿನಲ್ಲಿ ಕೂತವನಿಗೆ ಅಷ್ಟು ಸುಲಭವಲ್ಲ.

ಬಾನಿ ಒಡೆದ ಮೇಲೆ ನಮ್ಮ ಒಲೆ ಉರಿಸಿದ್ದು ಬಳ್ಳಾರಿ ಜಾಲಿ. ಈ ಗಿಡದ ಬಗ್ಗೆ ಯಾರೂ ಪದ್ಯ ಬರೆದಿಲ್ಲ. ಹೊರದೇಶದ್ದು, ನೆಲ ಕೆಡಿಸುವುದು, ಕಿತ್ತುಹಾಕಬೇಕು ಅನ್ನುತ್ತಾರೆ ಪರಿಸರದವರು. ಇದ್ದೀತು. ಆದರೆ ಅದು ಯಾರ ಹೊಲವನ್ನೂ ಕೇಳದೆ, ಯಾರೂ ನೀರು ಹಾಕದೆ, ಹಳ್ಳದ ದಂಡೆಯಲ್ಲಿ, ಕೇರಿಯ ಹಿಂದೆ ಬೆಳೆದು ನಿಂತಿತು. ಅವ್ವ ಮುಳ್ಳು ಚುಚ್ಚಿಸಿಕೊಂಡು ಹೊರೆ ತರುತ್ತಿದ್ದಳು. ಒಂದು ದಿನ ಗುಡ್ಡದ ಅಂಚಿನಲ್ಲಿ ಖಾಕಿಯವನೊಬ್ಬ ಅವಳ ಕುಡುಗೋಲು ಕಸಿದುಕೊಂಡ. 'ಕಾಡು ಹಾಳು ಮಾಡ್ತೀರಿ' ಅಂದನಂತೆ. ಅವ್ವ ಮನೆಗೆ ಬಂದು ನಗುತ್ತ ಹೇಳಿದಳು: 'ಜಾಲಿ ಮುಳ್ಳಿಗೆ ವಾರಸದಾರರು ಹುಟ್ಯಾರಪ.'

ವಾರಸದಾರಿಕೆಯ ಪ್ರಶ್ನೆ ಕತೆಯಲ್ಲಿ ಮುಗಿಯುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಗೂ ಹಕ್ಕು ಕೊಡುತ್ತದೆ. ಆದರೆ ಅವರು 2005ರ ಡಿಸೆಂಬರ್ 13ಕ್ಕಿಂತ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದು ಕಾಡಿನ ಮೇಲೆ ಬದುಕಿದ್ದಕ್ಕೆ ರುಜುವಾತು ತೋರಿಸಬೇಕು. ಈ ಸೀಮೆಯ ಹೊಲೆಯ ಮಾದಿಗರು ಬೀಳುವುದು ಆ ಗುಂಪಿನಲ್ಲಿ. ನಮ್ಮಜ್ಜ ತಂಗಡಿ ಕಡಿದದ್ದಕ್ಕೆ ರಸೀದಿ ಎಲ್ಲಿಂದ ತರಬೇಕು? ಗಿಡ ಸಾಕ್ಷಿ ಹೇಳುವುದಾದರೆ ಅದನ್ನು ಕಚೇರಿಗೆ ಕರೆದುಕೊಂಡು ಹೋಗಬೇಕಾಗುತ್ತದೆ. ಕಾಡಿಗೆ ಅರಿವಿದೆ ಅನ್ನುವವರು ಈ ಕಾಯ್ದೆಯ ಮೇಲೂ ಒಂದು ಪದ್ಯ ಬರೆಯಲಿ ಅಂತ ನನ್ನ ಆಸೆ.

ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಕುರುಚಲು ನೆಲವನ್ನು ಈಚೆಗೆ ತೋಳಗಳ ಧಾಮ ಮಾಡಿದ್ದಾರೆ. ನನಗೆ ಇದರಲ್ಲಿ ಸಂತೋಷವೇ. ಇಷ್ಟು ದಿನ ಬಂಜರು, ಪಾಳು ಅನ್ನಿಸಿಕೊಂಡ ನೆಲವನ್ನು ಮೊದಲ ಸಲ ಕಾಡು ಅಂತ ಒಪ್ಪಿಕೊಂಡರಲ್ಲ. ತೋಳಕ್ಕೆ ಎತ್ತರದ ಮರ ಬೇಕಿಲ್ಲ, ಬಯಲು ಬೇಕು, ಕಲ್ಲಸಂದಿ ಬೇಕು. ಕುರಿ ಕಾಯುವವರು ಅದನ್ನು ಬೈಯುತ್ತಲೇ ಅದರ ಜತೆ ಬದುಕಿದವರು. ಊರ ಹೊರಗಿನ ಪ್ರಾಣಿ ಅದು. ಅದನ್ನು ನೋಡಲು ಬರುವವರು ಅಲ್ಲೇ ಸುತ್ತಮುತ್ತ ಸೌದೆ ಆರಿಸುವ ಹೆಂಗಸರನ್ನೂ ಆ ಜೀವಲೋಕದ ಭಾಗವಾಗಿ ಕಾಣುತ್ತಾರೋ, ಬೇಲಿಯಾಚೆಗಿನ ತೊಂದರೆಯಾಗಿ ಕಾಣುತ್ತಾರೋ ನೋಡಬೇಕು.

ಅಪ್ಪನಿಗೆ ಈಗ ವಯಸ್ಸಾಗಿದೆ. ದೇವರು ದಿಂಡರು ಅಂದರೆ ಈಗಲೂ ಸಿಡುಕುತ್ತಾನೆ. ಮನೆಯಲ್ಲಿ ಬಾಬಾಸಾಹೇಬರ ಪಟ ಬಿಟ್ಟರೆ ಇನ್ನೊಂದಿಲ್ಲ. ಹೋದ ವರ್ಷ ದಸರೆ ರಜೆಗೆ ಊರಿಗೆ ಹೋದಾಗ, ಸಂಜೆ ದಾಟಿದ ಮೇಲೆ, ಮಗಳಿಗೆ ಜ್ವರ ಬಂತು ಅಂತ ಅಂಗಳದ ಬೇವಿನಿಂದ ಒಂದೆರಡು ಎಸಳು ಕೀಳಲು ಕೈ ಎತ್ತಿದೆ. ಹೊರಸಿನ ಮೇಲೆ ಮಲಗಿದ್ದ ಅಪ್ಪ ಕತ್ತಲಲ್ಲೇ ಗದರಿದ.

'ಏ, ಬಿಡಪ. ಮಲಗೈತಿ. ಮುಂಜಾನೆ ಕೇಳಿ ತಗೊ.'

ಬಾನಿ ಒಡೆದವನೇ ಇವನು. ನಾನು ಕೈ ಇಳಿಸಿದೆ, ಮಾತ್ರೆ ತರಲು ಪೇಟೆಗೆ ಹೊರಟೆ.